ಹಳೇ ಡಿಎಸ್‌ಎಲ್‌ಆರ್ ಬಿದ್ದಿದೆ: ಇನ್‌ಫ್ರಾರೆಡ್‌ಗೆ ಮಾಡಿಸಲಾ, ಫಿಲ್ಟರ್ ಸಾಕಾ?

ಕೆರೆದಂಡೆ

ಎಲ್ಲರಿಗೂ ನಮಸ್ಕಾರ. ಮಿರರ್‌ಲೆಸ್ ತಗೊಂಡ ಮೇಲೆ ನನ್ನ ನಿಕಾನ್ ಡಿ5200 ಬೀರುವಿನಲ್ಲೇ ಕೂತಿದೆ. ಜೊತೆಗೆ 18-55 ಕಿಟ್ ಲೆನ್ಸ್, ಒಂದು 35 ಎಂಎಂ. ಮಾರೋಣ ಅಂದರೆ ಈಗ ಕೇಳುವ ಬೆಲೆಗೆ ಕೊಡಲು ಮನಸ್ಸು ಬರುವುದಿಲ್ಲ.

ಬಿಳಿ ಮರ, ಕಪ್ಪು ಆಕಾಶದ ಇನ್‌ಫ್ರಾರೆಡ್ (ಕೆಂಪಿನ ಆಚೆಯ, ಕಣ್ಣಿಗೆ ಕಾಣದ ಬೆಳಕು) ಚಿತ್ರಗಳನ್ನು ನೋಡಿ ಆಸೆ ಹತ್ತಿದೆ. 720ರ ಫಿಲ್ಟರ್ (720 ನ್ಯಾನೊಮೀಟರಿಗಿಂತ ಉದ್ದ ತರಂಗದ ಬೆಳಕನ್ನು ಮಾತ್ರ ಬಿಡುವ ಗಾಜು) ತಂದು ಲೆನ್ಸಿನ ಮುಂದೆ ಹಾಕಿದರೆ ಸಾಕು ಅಂತ ಕೆಲವರು. ಕ್ಯಾಮೆರಾ ಬಿಚ್ಚಿಸಿ ಪೂರ್ತಿ ಇನ್‌ಫ್ರಾರೆಡ್ ಮಾಡಿಸಿ ಅಂತ ಇನ್ನು ಕೆಲವರು. ಮಾಡಿಸಿದರೆ ಅದು ಮತ್ತೆ ಮಾಮೂಲಿ ಫೋಟೋಗೆ ಬರಲ್ಲವಂತೆ. ನಾನು ತೆಗೆಯುವುದು ಹೆಚ್ಚಾಗಿ ಕೆರೆ, ಮರ, ಹಳೇ ದೇವಸ್ಥಾನ. ಅನುಭವ ಇದ್ದವರು ಹೇಳಿ, ಯಾವುದು ವಾಸಿ?

ಮದುವೆಫೋಟೋ_ದಾವಣಗೆರೆ

ಬ್ರದರ್, ಯಾಕೆ ಸುಮ್ನೆ ದುಡ್ಡು ಸುರಿಯುತ್ತೀರಿ? ಫೋಟೋಶಾಪಿನಲ್ಲಿ ಹಸಿರನ್ನು ಬಿಳಿ ಮಾಡಿ, ನೀಲಿಯನ್ನು ಕಪ್ಪು ಮಾಡಿ. ಎರಡು ನಿಮಿಷದ ಕೆಲಸ. ಫೋನಿನಲ್ಲಿ ನೋಡುವವರಿಗೆ ಯಾರಿಗೂ ಗೊತ್ತಾಗುವುದಿಲ್ಲ.

ನೆರಳುಬೆಳಕು

ಎರಡು ನಿಮಿಷದ ಕೆಲಸಕ್ಕೆ ಮೊದಲು ಉತ್ತರ ಕೊಡುತ್ತೇನೆ. ಹುಲ್ಲಿನ ಮೇಲೆ ಹಸಿರು ಪೇಂಟ್ ಹೊಡೆದ ಬೆಂಚು ಇದೆ ಅಂದುಕೊಳ್ಳಿ. ಫೋಟೋಶಾಪಿಗೆ ಎರಡೂ ಹಸಿರೇ, ಎರಡನ್ನೂ ಬಿಳಿ ಮಾಡಿಬಿಡುತ್ತದೆ. ನಿಜವಾದ ಇನ್‌ಫ್ರಾರೆಡ್‌ನಲ್ಲಿ ಹುಲ್ಲು ಬೆಳ್ಳಗೆ ಹೊಳೆಯುತ್ತದೆ. ಬೆಂಚು ಕಪ್ಪಗೂ ಬರಬಹುದು, ಬೂದುಬಣ್ಣಕ್ಕೂ ಬರಬಹುದು, ಅದು ಆ ಪೇಂಟಿನ ಮೇಲೆ ಹೋಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನದಿಂದ ತೆಗೆಯಲು ಇಂಥ ಫಿಲ್ಮ್ ಮಾಡಿದ್ದೇ ಇದಕ್ಕಾಗಿ. ಹಸಿರು ಬಲೆ ಹೊದಿಸಿ ಟ್ಯಾಂಕು ಅಡಗಿಸಿಟ್ಟರೆ ಕಣ್ಣಿಗೆ ಕಾಡಿನ ಹಾಗೆ ಕಾಣುತ್ತಿತ್ತು. ಫಿಲ್ಮಿನಲ್ಲಿ ಬಲೆ ಬೇರೆ, ಕಾಡು ಬೇರೆ.

ಎಲೆ ಯಾಕೆ ಬಿಳಿ? ಕ್ಲೋರೊಫಿಲ್ ಕೆಂಪು ಬೆಳಕನ್ನೂ ನೀಲಿ ಬೆಳಕನ್ನೂ ನುಂಗುತ್ತದೆ. 700 ನ್ಯಾನೊಮೀಟರ್ ದಾಟಿದ ಬೆಳಕನ್ನು ಅದು ಮುಟ್ಟುವುದಿಲ್ಲ. ಆ ಬೆಳಕು ಎಲೆಯೊಳಗಿನ ಕೋಶಗಳ ಗೋಡೆಗೂ ಅವುಗಳ ನಡುವಿನ ಗಾಳಿಯ ಸಂದಿಗೂ ಬಡಿದು ಚದುರುತ್ತದೆ. ಹೆಚ್ಚುಕಡಿಮೆ ಅರ್ಧ ಹೊರಗೆ ಬರುತ್ತದೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1910ರಲ್ಲಿ ಇಂಥ ಚಿತ್ರಗಳನ್ನು ಪ್ರಕಟಿಸಿದರು. ಇವತ್ತಿಗೂ ಇದಕ್ಕೆ ವುಡ್ ಎಫೆಕ್ಟ್ ಅಂತಲೇ ಹೆಸರು.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಇದು ಶಾಖದ ಚಿತ್ರ ಅಲ್ಲ. ನಮ್ಮ ಮೈಯಿಂದ ಬರುವ ಶಾಖದ ಕಿರಣ ಸುಮಾರು 10,000 ನ್ಯಾನೊಮೀಟರ್ ಆಸುಪಾಸಿನದ್ದು. ಕ್ಯಾಮೆರಾದ ಸಿಲಿಕಾನ್ ಸೆನ್ಸರಿನ ಶಕ್ತಿ 1,100ಕ್ಕೆ ಮುಗಿಯುತ್ತದೆ. ನಾವು ಹಿಡಿಯುವುದು ಬಿಸಿಲಿನಲ್ಲೇ ಇರುವ, ಕಣ್ಣಿಗೆ ಕಾಣದ ಬೆಳಕು. ಹಾಗಾಗಿ ಬಿಸಿಲು ಬೇಕೇ ಬೇಕು.

ಕೆರೆದಂಡೆ ಅವರೇ, ನಿಮ್ಮ ಪ್ರಶ್ನೆಗೆ ಸಂಜೆ ಬರೆಯುತ್ತೇನೆ. ಈಗ ಆಫೀಸಿನಲ್ಲಿದ್ದೇನೆ.

ಮದುವೆಫೋಟೋ_ದಾವಣಗೆರೆ

ಮೇಡಂ, ಬೆಂಚಿನ ಮಾತು ಒಪ್ಪಿದೆ. ಆದರೂ ಗ್ರಾಹಕರು ಬಿಳಿ ಮರ ನೋಡಿ ದುಡ್ಡು ಕೊಡುತ್ತಾರೆ ಅಂತ ನನಗೆ ಅನಿಸುವುದಿಲ್ಲ 😀

ರಿಪೇರಿ_ಬೆಂಚು

ನಾನು ಕ್ಯಾಮೆರಾ ಸರ್ವಿಸ್ ಮಾಡುವವನು, ಒಳಗಿನ ವಿಷಯ ಹೇಳುತ್ತೇನೆ.

ಸೆನ್ಸರಿನ ಮುಂದೆ ತೆಳು ನೀಲಿ-ಹಸಿರು ಛಾಯೆಯ ಒಂದು ಗಾಜು ಇರುತ್ತದೆ. ಹಾಟ್ ಮಿರರ್ ಅನ್ನುತ್ತೇವೆ. ಇನ್‌ಫ್ರಾರೆಡ್ ಒಳಗೆ ಬಂದರೆ ಬಣ್ಣ ಕೆಡುತ್ತದೆ ಅಂತ ಅದನ್ನು ತಡೆಯಲು ಇಟ್ಟಿರುವುದು. ಎಷ್ಟು ಕೆಡುತ್ತದೆ ಅನ್ನುವುದಕ್ಕೆ ಲೈಕಾ ಎಂ8 ನೋಡಿ. 2006ರಲ್ಲಿ ಬಂದ ಆ ಕ್ಯಾಮೆರಾದಲ್ಲಿ ಈ ಗಾಜು ತೀರ ತೆಳು. ಕಪ್ಪು ಸಿಂಥೆಟಿಕ್ ಬಟ್ಟೆಗಳು ನೇರಳೆ ಬಣ್ಣಕ್ಕೆ ಬಂದವು. ಕೊನೆಗೆ ಕಂಪನಿಯೇ ಕೊಂಡವರಿಗೆ ಲೆನ್ಸಿನ ಮುಂದೆ ಹಾಕಲು ಎರಡು ಫಿಲ್ಟರ್ ಪುಕ್ಕಟೆ ಕೊಟ್ಟಿತು.

ಮಾಡಿಸುವುದು ಅಂದರೆ ಈ ಗಾಜು ತೆಗೆದು, ಆ ಜಾಗಕ್ಕೆ 720ರ ಗಾಜನ್ನೋ ಪೂರ್ತಿ ಪಾರದರ್ಶಕ ಗಾಜನ್ನೋ ಕೂರಿಸುವುದು. ಗಾಜಿನ ದಪ್ಪ ಸರಿಹೊಂದಬೇಕು, ಇಲ್ಲದಿದ್ದರೆ ಫೋಕಸ್ ಬೀಳುವ ಜಾಗವೇ ಬದಲಾಗುತ್ತದೆ. ಸೆನ್ಸರ್ ಮತ್ತೆ ಕೂರಿಸುವಾಗ ಕೂದಲೆಳೆಯಷ್ಟು ಓರೆಯಾದರೂ ಚಿತ್ರದ ಒಂದು ಬದಿ ಮಸುಕು. ಗಾಜು ಮತ್ತು ಸೆನ್ಸರ್ ನಡುವೆ ಒಂದು ಧೂಳಿನ ಕಣ ಉಳಿದರೆ ಪ್ರತಿ ಚಿತ್ರದಲ್ಲೂ ಚುಕ್ಕೆ. ಅದನ್ನು ಮೇಲಿಂದ ಒರೆಸಿದರೆ ಹೋಗುವುದಿಲ್ಲ.

ವಿಡಿಯೋ ನೋಡಿಕೊಂಡು ಮನೆಯಲ್ಲೇ ಬಿಚ್ಚುತ್ತೇನೆ ಅನ್ನುವವರಿಗೆ ಕೈಮುಗಿದು ಹೇಳುತ್ತೇನೆ. ಡಿ5200 ಒಳಗೆ ಪಾಪ್ಅಪ್ ಫ್ಲಾಶಿನ ಕೆಪಾಸಿಟರ್ ಇದೆ. ಸುಮಾರು 300 ವೋಲ್ಟ್ ತುಂಬಿಕೊಳ್ಳುತ್ತದೆ. ಬ್ಯಾಟರಿ ತೆಗೆದ ಮೇಲೂ ಆ ಚಾರ್ಜ್ ಕೂತಿರುತ್ತದೆ. ಬೆರಳು ತಾಗಿದರೆ ಜೋರಾಗಿ ಹೊಡೆಯುತ್ತದೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವುದೂ ಬೇಡ, ಕಿಡಿ ಹಾರಿ ಬೋರ್ಡ್ ಸುಡುತ್ತದೆ.

ನೆರಳುಬೆಳಕು

ಸಂಜೆಯ ಪಾಠ. ಕೆರೆದಂಡೆ ಅವರೇ, ನನ್ನ ಸಲಹೆ: ಮೊದಲು ಫಿಲ್ಟರ್. ನಿಮ್ಮ 18-55, 35 ಎರಡಕ್ಕೂ 52 ಎಂಎಂ ಥ್ರೆಡ್. ಒಂದೇ ಫಿಲ್ಟರ್ ಸಾಕು. 720ರ ಫಿಲ್ಟರುಗಳಲ್ಲಿ ಹೋಯಾ ಆರ್72 ಹಳೆಯದು, ನಂಬಬಹುದು. ಇಷ್ಟವಾದರೆ ಕ್ಯಾಮೆರಾ ಮಾಡಿಸಿ. ಆಗದಿದ್ದರೆ ಫಿಲ್ಟರಿನ ದುಡ್ಡಷ್ಟೇ ಹೋಗುತ್ತದೆ.

ಆದರೆ ಫಿಲ್ಟರಿನ ಕಷ್ಟ ಏನು ಅಂತ ಗೊತ್ತಿರಲಿ. ನಿಮ್ಮ ಕ್ಯಾಮೆರಾದ ಹಾಟ್ ಮಿರರ್ ಇನ್‌ಫ್ರಾರೆಡನ್ನು ತಡೆಯುತ್ತದೆ, ಮುಂದಿನ ಆರ್72 ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತದೆ. ಇಬ್ಬರ ಕಾವಲು ತಪ್ಪಿಸಿ ಒಳಗೆ ಬರುವ ಬೆಳಕು ಬಹಳ ಕಡಿಮೆ. ನಡು ಮಧ್ಯಾಹ್ನದ ಬಿಸಿಲಿನಲ್ಲೂ ಸೆಕೆಂಡುಗಟ್ಟಲೆ ಎಕ್ಸ್‌ಪೋಷರ್. ಟ್ರೈಪಾಡ್ ಇಲ್ಲದೆ ಆಗಲ್ಲ. ಗಾಳಿ ಬೀಸಿದರೆ ಎಲೆ ಕದಡಿದ ಹಾಲಿನಂತಾಗುತ್ತದೆ. ನಿಂತ ನೀರು, ಕಲ್ಲು, ಗೋಪುರ ಇಂಥವಕ್ಕೆ ಚೆನ್ನ.

ಕ್ರಮ ಹೀಗೆ. ಟ್ರೈಪಾಡ್ ಮೇಲೆ ಇಟ್ಟು ಫಿಲ್ಟರ್ ಇಲ್ಲದೆ ಚೌಕಟ್ಟು ನೋಡಿಕೊಳ್ಳಿ. ಫೋಕಸ್ ಮಾಡಿ, ಲೆನ್ಸನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ. ಆಮೇಲೆ ಫಿಲ್ಟರ್ ಹಾಕಿ. ಇಲ್ಲೊಂದು ಕಿರಿಕಿರಿ ಇದೆ. ಹಳೇ 18-55 ವಿಆರ್ ಲೆನ್ಸಿನ ಮೂತಿ ಫೋಕಸ್ ಜೊತೆಗೇ ತಿರುಗುತ್ತದೆ. ಫಿಲ್ಟರ್ ತಿರುಗಿಸುವಾಗ ಮೂತಿಯೂ ತಿರುಗಿ ಫೋಕಸ್ ತಪ್ಪುತ್ತದೆ. ಒಂದು ಕೈಯಲ್ಲಿ ಮುಂದಿನ ರಿಂಗನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಫಿಲ್ಟರ್ ಹಗುರವಾಗಿ ಕೂರಿಸಿ. ಬಿಗಿ ಮಾಡುವುದು ಬೇಡ.

ಕ್ಯಾಮೆರಾ ಜೊತೆ ಡಿಕೆ-5 ಅಂತ ಒಂದು ಪುಟ್ಟ ಕಪ್ಪು ಮುಚ್ಚಳ ಬಂದಿತ್ತಲ್ಲ, ಎಲ್ಲರೂ ಡಬ್ಬದಲ್ಲೇ ಬಿಟ್ಟಿರುತ್ತಾರೆ. ಈಗ ಹುಡುಕಿ ತೆಗೆಯಿರಿ. ಉದ್ದದ ಎಕ್ಸ್‌ಪೋಷರಿನಲ್ಲಿ ವ್ಯೂಫೈಂಡರ್ ಕಡೆಯಿಂದ ಬೆಳಕು ನುಸುಳಿ ಚಿತ್ರದ ನಡುವೆ ಪಟ್ಟೆ ಬೀಳುತ್ತದೆ.

ಐಎಸ್‌ಒ 200, ಎಫ್/8 (ಲೆನ್ಸಿನ ರಂಧ್ರದ ಅಳತೆ, ಅಂಕಿ ಹೆಚ್ಚಿದಷ್ಟೂ ರಂಧ್ರ ಚಿಕ್ಕದು), 10 ಸೆಕೆಂಡಿನಿಂದ ಶುರು ಮಾಡಿ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ಗ್ರಾಫ್) ನೋಡಿಕೊಂಡು ಏರಿಸಿ. ಹಿಸ್ಟೋಗ್ರಾಂನಲ್ಲಿ ಮೂರೂ ಬಣ್ಣ ಬೇರೆಬೇರೆ ನೋಡಬೇಕು. ಒಟ್ಟು ಗ್ರಾಫ್ ಸರಿಯಾಗೇ ಕಾಣುತ್ತದೆ, ಆದರೆ ಅಷ್ಟೊತ್ತಿಗೆ ಕೆಂಪು ಚಾನೆಲ್ ಬಲಗಡೆ ಗೋಡೆಗೆ ಬಡಿದಿರುತ್ತದೆ. ಎಫ್/16, ಎಫ್/22ಕ್ಕೆ ಹೋಗಬೇಡಿ. ತರಂಗ ಉದ್ದವಾದಷ್ಟೂ ಡಿಫ್ರಾಕ್ಷನ್ (ಸಣ್ಣ ರಂಧ್ರದ ಅಂಚಿನಲ್ಲಿ ಬೆಳಕು ಬಾಗಿ ಹರಡುವುದು) ಬೇಗ ಶುರುವಾಗುತ್ತದೆ, ಚಿತ್ರ ಮೆತ್ತಗಾಗುತ್ತದೆ. ಫೈಲು ರಾ (ಕ್ಯಾಮೆರಾ ತಿದ್ದದ ಮೂಲ ಫೈಲು) ಆಗಿರಲಿ. ಜೆಪೆಗ್‌ನಲ್ಲಿ ಬಣ್ಣ ಸರಿಪಡಿಸಲು ಹೋದರೆ ಕೆಂಪು ಚಿಂದಿಯಾಗುತ್ತದೆ.

ಬಹಳ ಮುಖ್ಯ: ಆ ಫಿಲ್ಟರ್ ಕಪ್ಪಗಿದೆ ಅಂತ ಅದರ ಮೂಲಕ ಸೂರ್ಯನನ್ನು ನೋಡಬೇಡಿ. ಗ್ರಹಣದ ದಿನವಂತೂ ಬೇಡವೇ ಬೇಡ. ಕಾಣುವ ಬೆಳಕು ನಿಲ್ಲುತ್ತದೆ, ಪಾಪೆ ಅಗಲವಾಗುತ್ತದೆ, ಕಾಣದ ಬೆಳಕು ನೇರ ಕಣ್ಣಿನೊಳಗೆ ಹೋಗುತ್ತದೆ.

ಹಳೇರೋಲು

ನೆರಳುಬೆಳಕು ಅವರು ಚೆನ್ನಾಗಿ ಹೇಳಿದರು. ನಾನು ಫಿಲ್ಮ್ ಕಾಲದವನು, ಸ್ವಲ್ಪ ಹಳೇ ಪುರಾಣ ಕೇಳಿ.

ನಾವು ಕೊಡಾಕ್ ಎಚ್‌ಐಇ ಅನ್ನುವ ಇನ್‌ಫ್ರಾರೆಡ್ ಫಿಲ್ಮ್ ಹಾಕುತ್ತಿದ್ದೆವು. ಪೂರ್ತಿ ಕತ್ತಲಲ್ಲೇ ಲೋಡ್ ಮಾಡಬೇಕು, ನೆರಳಲ್ಲಿ ಮಾಡಿದರೂ ಬೆಳಕು ತಾಗಿ ಫಿಲ್ಮ್ ಫಾಗ್, ಅಂದರೆ ಮಸುಕು. ರೋಲು ಫ್ರಿಜ್ಜಿನಲ್ಲಿ, ಮನೆಯವರ ಬೈಗುಳ ಪ್ರತ್ಯೇಕ. ಕೆಲವು ಹೊಸ ಎಲೆಕ್ಟ್ರಾನಿಕ್ ಕ್ಯಾಮೆರಾಗಳಲ್ಲಿ ಫ್ರೇಮು ಎಣಿಸಲು ಒಳಗೇ ಇನ್‌ಫ್ರಾರೆಡ್ ದೀಪ ಇರುತ್ತಿತ್ತು, ಅದೇ ಫಿಲ್ಮಿನ ಅಂಚು ಸುಡುತ್ತಿತ್ತು. ಹಾಗಾಗಿ ಹಳೇ ಮೆಕ್ಯಾನಿಕಲ್ ಬಾಡಿಯೇ ಗತಿ. 2007ರಲ್ಲಿ ಕೊಡಾಕ್ ಆ ಫಿಲ್ಮ್ ನಿಲ್ಲಿಸಿತು.

ಹಳೇ ಚಿತ್ರಗಳಲ್ಲಿ ಬೆಳ್ಳಗಿರುವ ಜಾಗದ ಸುತ್ತ ಒಂದು ಹೊಳಪು ಹರಡಿರುತ್ತದಲ್ಲ, ಅದನ್ನು ಇನ್‌ಫ್ರಾರೆಡ್‌ನ ಗುಣ ಅಂದುಕೊಂಡವರೇ ಜಾಸ್ತಿ. ಅಲ್ಲ. ಎಚ್‌ಐಇ ಫಿಲ್ಮಿನ ಹಿಂದೆ ಬೆಳಕನ್ನು ಹೀರುವ ಪದರ ಇರಲಿಲ್ಲ. ಬೆಳಕು ಹಿಂದೆ ಹೋಗಿ ಬಡಿದು ವಾಪಸ್ ಬರುತ್ತಿತ್ತು. ಈಗಿನ ಹುಡುಗರು ಡಿಜಿಟಲ್ ಚಿತ್ರಕ್ಕೆ ಬ್ಲರ್ ಪದರ ಹಾಕಿ ಅದನ್ನು ನಕಲು ಮಾಡುತ್ತಾರೆ. ನನಗೆ ಹಿಡಿಸುವುದಿಲ್ಲ. ಡಿಜಿಟಲ್‌ನಲ್ಲಿ ಎಲೆ ಎಲೆಯೂ ಗರಿಗರಿಯಾಗಿ ಬರುತ್ತದೆ, ಅದನ್ನೇ ಇಟ್ಟುಕೊಳ್ಳಿ.

ಹಳೇ ಲೆನ್ಸುಗಳ ಮೇಲೆ ದೂರದ ಅಂಕಿಗಳ ಪಕ್ಕ ಒಂದು ಕೆಂಪು ಚುಕ್ಕೆ ಇರುತ್ತಿತ್ತು, ನೋಡಿದ್ದೀರಾ? ಇನ್‌ಫ್ರಾರೆಡ್ ಬೇರೆ ಜಾಗದಲ್ಲಿ ಫೋಕಸ್ ಆಗುತ್ತದೆ. ಫೋಕಸ್ ಮಾಡಿ, ಬಂದ ಅಂಕಿಯನ್ನು ಆ ಚುಕ್ಕೆಗೆ ತಿರುಗಿಸುತ್ತಿದ್ದೆವು. ಕೆರೆದಂಡೆ ಅವರ ಕಿಟ್ ಲೆನ್ಸಿನಲ್ಲಿ ಅದೂ ಇಲ್ಲ. ಎಫ್/8 ಇಟ್ಟರೆ ಸ್ವಲ್ಪ ಕಾಪಾಡುತ್ತದೆ.

ಕೆರೆದಂಡೆ

ಸಾರ್, ಮೇಡಂ, ತುಂಬಾ ಥ್ಯಾಂಕ್ಸ್. ಕ್ಯಾಮೆರಾ ಮಾಡಿಸಿದರೆ ಈ ಫೋಕಸ್ ತಾಪತ್ರಯ ಇರುವುದಿಲ್ಲವಾ?

ರಿಪೇರಿ_ಬೆಂಚು

ಇರುತ್ತದೆ, ಆದರೆ ದಾರಿ ಇದೆ. ಡಿಎಸ್‌ಎಲ್‌ಆರ್‌ನಲ್ಲಿ ವ್ಯೂಫೈಂಡರ್ ಮೂಲಕ ಫೋಕಸ್ ಮಾಡುವುದು ಬೇರೆಯೇ ಒಂದು ಸೆನ್ಸರ್. ಅದು ಕಾಣುವ ಬೆಳಕನ್ನು ನೋಡುತ್ತದೆ. ಚಿತ್ರ ಮೂಡುವುದು ಇನ್‌ಫ್ರಾರೆಡ್‌ನಲ್ಲಿ. ಎರಡೂ ತಾಳೆಯಾಗಲ್ಲ. ಮಾಡಿಕೊಡುವವರು ಒಂದು ಲೆನ್ಸಿಗೆ ಹೊಂದಿಸಿ ಕೊಡುತ್ತಾರೆ, ಲೆನ್ಸ್ ಬದಲಾದರೆ ಮತ್ತೆ ಅಷ್ಟೇ. ಲೈವ್ ವ್ಯೂ (ಹಿಂದಿನ ಪರದೆಯಲ್ಲೇ ನೋಡಿ ತೆಗೆಯುವುದು) ಹಾಕಿದರೆ ಡಿ5200 ಮುಖ್ಯ ಸೆನ್ಸರಿನ ಮೇಲೇ ಫೋಕಸ್ ಮಾಡುತ್ತದೆ. ನಿಧಾನ, ಆದರೆ ಕರಾರುವಾಕ್ಕು. ಕೆರೆ ಎಲ್ಲಿಗೂ ಓಡಿಹೋಗಲ್ಲ. ಮಿರರ್‌ಲೆಸ್ ಮಾಡಿಸಿದವರಿಗೆ ಈ ತಲೆನೋವೇ ಇಲ್ಲ.

ಅಡಿಕೆತೋಟ_ತೀರ್ಥಹಳ್ಳಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಆರೋಗ್ಯವಾದ ಎಲೆ ಬಿಳಿ ಅಂದಿರಲ್ಲ. ಹಾಗಾದರೆ ಕಾಯಿಲೆ ಎಲೆ ಬೇರೆ ಥರ ಕಾಣಬೇಕು ಅಲ್ವಾ? ನಮ್ಮಲ್ಲಿ ಎಲೆಚುಕ್ಕಿ ರೋಗ, ಹಳದಿ ಎಲೆ ರೋಗ ಎರಡೂ ಇದೆ. ಕಣ್ಣಿಗೆ ಕಾಣುವ ಮೊದಲೇ ಈ ಕ್ಯಾಮೆರಾದಲ್ಲಿ ಗೊತ್ತಾಗುತ್ತದಾ?

ನೆರಳುಬೆಳಕು

ಒಳ್ಳೆ ಪ್ರಶ್ನೆ. ಭಾರತದ ದೂರಸಂವೇದಿ (ಮೇಲಿನಿಂದ ಚಿತ್ರ ತೆಗೆದು ನೆಲವನ್ನು ಅರಿಯುವ) ಕೆಲಸ ಶುರುವಾಗಿದ್ದೇ ಹೀಗೆ. 1970ರ ಸುಮಾರಿಗೆ ವಿಜ್ಞಾನಿ ಪಿ. ಆರ್. ಪಿಷಾರೊಟಿ ಅವರ ತಂಡ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ, ಕಲರ್ ಇನ್‌ಫ್ರಾರೆಡ್ ಫಿಲ್ಮಿನಲ್ಲಿ ಬೇರು ಸೊರಗು ರೋಗ ಹಿಡಿದ ಮರಗಳನ್ನು ಗುರುತಿಸಲು ನೋಡಿತು. 1988ರ ಮಾರ್ಚಿನಲ್ಲಿ ಹಾರಿದ ನಮ್ಮ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾದಲ್ಲೂ 770ರಿಂದ 860 ನ್ಯಾನೊಮೀಟರಿನ ಒಂದು ಪಟ್ಟಿ ಇತ್ತು. ಬೆಳೆ ನೋಡಲು ಅದೇ ಮುಖ್ಯ.

ಆದರೆ ನಮ್ಮ ಹವ್ಯಾಸದ ಕ್ಯಾಮೆರಾದಿಂದ ರೋಗ ಹೇಳಲು ಹೋಗಬೇಡಿ. ಕಾರಣ ಹೇಳುತ್ತೇನೆ. ಎಲೆ ಹಳದಿಗೆ ತಿರುಗಿದಾಗ ಮೊದಲು ಬದಲಾಗುವುದು ಕೆಂಪು ಬೆಳಕು. ಕ್ಲೋರೊಫಿಲ್ ಕಡಿಮೆಯಾದಂತೆ ಕೆಂಪು ಜಾಸ್ತಿ ವಾಪಸ್ ಬರುತ್ತದೆ. ಇನ್‌ಫ್ರಾರೆಡ್ ಒಳಗಿನ ಕೋಶಗಳ ರಚನೆ ಕುಸಿಯುವವರೆಗೂ ಹೆಚ್ಚು ಬದಲಾಗುವುದಿಲ್ಲ. ಉದುರಿದ ಒಣಗು ಎಲೆಯೂ ಎಷ್ಟೋ ಸಲ ಬೆಳ್ಳಗೇ ಬರುತ್ತದೆ! ಅದಕ್ಕೇ ಕೃಷಿ ಡ್ರೋನಿನವರು ಎರಡನ್ನೂ ಅಳೆದು ಲೆಕ್ಕ ಹಾಕುತ್ತಾರೆ. ಇನ್‌ಫ್ರಾರೆಡ್‌ನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸುತ್ತಾರೆ. ಎನ್‌ಡಿವಿಐ ಅನ್ನುವುದು ಅದೇ. ಅದಕ್ಕೆ ಬೆಳಕಿನ ಅಳತೆ ಪಕ್ಕಾ ಇರಬೇಕು, ಪ್ರತಿ ಹಾರಾಟಕ್ಕೂ ಮೊದಲು ಅಳತೆಯ ಫಲಕದ ಚಿತ್ರ ತೆಗೆಯಬೇಕು. ಅದು ಕೂಡ ಮರ ಸೊರಗಿದೆ ಅಂತ ಹೇಳುತ್ತದೆ, ಯಾವ ರೋಗ ಅಂತ ಹೇಳಲ್ಲ. ನೀರು ಕಮ್ಮಿಯಾದರೂ ಸೊರಗುತ್ತದೆ.

ಅಡಿಕೆತೋಟ_ತೀರ್ಥಹಳ್ಳಿ

ಸರಿ ಬಿಡಿ, ಹಾಗಾದರೆ ತೋಟಕ್ಕೆ ಔಷಧಿ ಹೊಡೆಯುವುದೇ ಗತಿ. ಫೋಟೋ ಮಾತ್ರ ನೋಡಿ ಖುಷಿಪಡುತ್ತೇನೆ.

ಕಡಲತೀರ

ಉಡುಪಿಯವರು ಯಾರೂ ಇಲ್ಲವಾ ಇಲ್ಲಿ? ನಮ್ಮೂರಿನ ಒಂದು ಕತೆ ಉಂಟು, ಹೇಳದಿದ್ದರೆ ಹೇಗೆ ಮಾರಾಯ್ರೆ.

ಪಲಿಮಾರು ಮಠದಲ್ಲಿ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ತಾಳೆಗರಿ ಪ್ರತಿ ಉಂಟು. ಗರಿಗಳೆಲ್ಲ ಕಂದಿ ಕಪ್ಪಾಗಿ, ಅಂಚು ಮುರಿದು, ಓದಲು ಕಷ್ಟವಾಗಿತ್ತು. 2006ರಲ್ಲಿ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪ್ರೊಫೆಸರ್ ಪಿ. ಆರ್. ಮುಕುಂದ್ ಮತ್ತು ತಂಡದವರು ಬಂದು ಅದನ್ನು ಡಿಜಿಟಲ್ ಮಾಡಿದರು. ಕ್ಯಾಮೆರಾಗೆ ಇನ್‌ಫ್ರಾರೆಡ್ ಫಿಲ್ಟರ್ ಹಾಕಿ, ಒಂದೊಂದು ಗರಿಯನ್ನೂ ತುಂಡು ತುಂಡಾಗಿ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿದ್ದು. ಆ ತಂಡದ ರೋಜರ್ ಈಸ್ಟನ್ ಆರ್ಕಿಮಿಡಿಸನ ಹಳೇ ಹಸ್ತಪ್ರತಿಯ ಮೇಲೂ ಕೆಲಸ ಮಾಡಿದವರು.

ಅದು ಯಾಕೆ ಕೆಲಸ ಮಾಡುತ್ತದೆ ಅಂತ ನನಗೆ ಗೊತ್ತಿಲ್ಲ, ಗೊತ್ತಿದ್ದವರು ಹೇಳಿ.

ಹಳೇರೋಲು

ಕಡಲತೀರ ಅವರೇ, ಒಳ್ಳೇ ಉದಾಹರಣೆ ತಂದಿರಿ. ತಾಳೆಗರಿಯ ಮೇಲೆ ಕಂಟ ಅನ್ನುವ ಚೂಪು ಲೋಹದ ಕಡ್ಡಿಯಿಂದ ಕೊರೆದು, ಆ ಗೀರಿಗೆ ಮಸಿ ತಿಕ್ಕುತ್ತಾರೆ. ಮಸಿ ಅಂದರೆ ಇಂಗಾಲ. ಇಂಗಾಲ ಕಾಣುವ ಬೆಳಕನ್ನೂ ನುಂಗುತ್ತದೆ, ಇನ್‌ಫ್ರಾರೆಡನ್ನೂ ನುಂಗುತ್ತದೆ. ಎರಡರಲ್ಲೂ ಕಪ್ಪೇ. ಗರಿ ಹಾಗಲ್ಲ. ವಯಸ್ಸಾಗಿ ಕಂದಿದ್ದು ಕಣ್ಣಿಗೆ ಕಪ್ಪು, ಇನ್‌ಫ್ರಾರೆಡ್‌ಗೆ ತಿಳಿ. ಕಪ್ಪಿನ ಮೇಲೆ ಕಪ್ಪು ಇದ್ದದ್ದು ತಿಳಿಯ ಮೇಲೆ ಕಪ್ಪಾಗುತ್ತದೆ, ಅಕ್ಷರ ಎದ್ದು ಬರುತ್ತದೆ. ದಾವಣಗೆರೆಯವರೇ, ಇದನ್ನು ಫೋಟೋಶಾಪಿನಲ್ಲಿ ಎರಡು ನಿಮಿಷಕ್ಕೆ ಮಾಡಿ ನೋಡೋಣ 🙂

ಮದುವೆಫೋಟೋ_ದಾವಣಗೆರೆ

ಸೋತೆ ಸಾರ್! ಆದರೆ ಒಂದು ಕೇಳುತ್ತೇನೆ. ಔಟ್‌ಡೋರ್ ಪ್ರಿ-ವೆಡ್ಡಿಂಗ್‌ಗೆ ಇದರಲ್ಲಿ ಜನರನ್ನು ತೆಗೆದರೆ ಹೇಗೆ ಬರುತ್ತದೆ?

ನೆರಳುಬೆಳಕು

ಮಾಡಿಸಿದ ಕ್ಯಾಮೆರಾ ಇದ್ದರೆ ಮಾತ್ರ. ಹತ್ತು ಸೆಕೆಂಡು ಅಲ್ಲಾಡದೆ ನಿಲ್ಲುವ ಜೋಡಿ ಸಿಗುವುದಿಲ್ಲ.

ಚರ್ಮ ನುಣುಪಾಗಿ, ಮೇಣದ ಥರ ಬರುತ್ತದೆ. ಮೊಡವೆ ಕಲೆ ಮಾಯ, ಆದರೆ ತೆಳು ಚರ್ಮದ ಕೆಳಗಿನ ರಕ್ತನಾಳ ಎದ್ದು ಕಾಣುತ್ತದೆ. ಕಣ್ಣುಗುಡ್ಡೆ ಕಪ್ಪಾಗಿ ಸ್ವಲ್ಪ ಹೆದರಿಸುತ್ತದೆ. ಬಟ್ಟೆಯದ್ದು ಜೂಜು. ಹುಡುಗನ ಕಪ್ಪು ಸೂಟ್ ಒಂದು ಬೂದು, ಅದೇ ಕಪ್ಪಿನ ಪ್ಯಾಂಟ್ ಇನ್ನೊಂದು ಬೂದು ಬಂದಿದ್ದನ್ನು ನೋಡಿದ್ದೇನೆ, ಎರಡರ ಡೈ ಬೇರೆ ಇದ್ದಿರಬೇಕು. ಕೆಂಪು ಸೀರೆ ಸಾಮಾನ್ಯವಾಗಿ ತಿಳಿಯಾಗಿಬಿಡುತ್ತದೆ. ಅಮ್ಮಂದಿರಿಗೆ ಮುಂಚೆಯೇ ಹೇಳಿ, ಇಲ್ಲದಿದ್ದರೆ ಮದುಮಗಳಿಗೆ ಬಿಳಿ ಸೀರೆ ಯಾಕೆ ಉಡಿಸಿದಿರಿ ಅಂತ ಜಗಳ.

ನಿರ್ವಾಹಕ

ಇದರಲ್ಲಿ ಬಟ್ಟೆಯ ಆಚೆ ಕಾಣುತ್ತದಾ ಅಂತ ಒಬ್ಬರು ಕೇಳಿದ್ದರು, ಆ ಪೋಸ್ಟ್ ತೆಗೆದಿದ್ದೇನೆ. 1998ರಲ್ಲಿ ಒಂದು ವಿಡಿಯೋ ಕ್ಯಾಮೆರಾದ ರಾತ್ರಿ ಮೋಡ್ ಬಗ್ಗೆ ಇದೇ ಗಲಾಟೆಯಾಗಿ ಕಂಪನಿ ವಿನ್ಯಾಸ ಬದಲಿಸಿತು. ಜನರ ಚಿತ್ರಕ್ಕೆ ಅನುಮತಿ ಬೇಕು. ಈ ವಿಷಯ ಇಲ್ಲಿಗೆ ಮುಗಿಯಿತು.

ಕೆರೆದಂಡೆ

ಆರ್72 ಬಂತು! ಭಾನುವಾರ ಮಧ್ಯಾಹ್ನ ಕೆರೆ ಹತ್ತಿರ ಹೋಗಿದ್ದೆ. ನಮ್ಮ ಕೆರೆಯ ಅರ್ಧ ಭಾಗ ಅಂತರಗಂಗೆ ಮುಚ್ಚಿದೆ, ಎಲ್ಲರೂ ಬೈಯುವ ಜಾಗ. ಇನ್‌ಫ್ರಾರೆಡ್‌ನಲ್ಲಿ ನೋಡಿದರೆ ನೀರು ಮಸಿಯ ಹಾಗೆ ಕಪ್ಪು, ಕಳೆಯೆಲ್ಲ ಹಿಮ ಬಿದ್ದಂತೆ ಬಿಳಿ. ಹಿಂದಿನ ಅಪಾರ್ಟ್‌ಮೆಂಟುಗಳು ಬೂದಿಗೆ ಸರಿದು ಹಿಂದೆಯೇ ನಿಂತುಬಿಟ್ಟವು.

ಈಗ ಪ್ರಶ್ನೆ. ಚಿತ್ರವೆಲ್ಲ ರಕ್ತದಂತೆ ಕೆಂಪು. ಫೋಟೋ ತಿದ್ದುವ ಲೈಟ್‌ರೂಂ ತಂತ್ರಾಂಶದಲ್ಲಿ ಟೆಂಪರೇಚರ್ ಪೂರ್ತಿ ಎಡಕ್ಕೆ ಎಳೆದರೂ ಕೆಂಪೇ. ಪ್ರಿಸೆಟ್ ವೈಟ್ ಬ್ಯಾಲೆನ್ಸ್ (ಯಾವುದು ಬಿಳಿ ಅಂತ ಕ್ಯಾಮೆರಾಗೆ ತೋರಿಸುವ ಅಳತೆ) ತೆಗೆಯಲು ಹೋದರೆ ಕ್ಯಾಮೆರಾ 'ನೋ ಗುಡ್' ಅನ್ನುತ್ತದೆ. ನೀಲಿ ಆಕಾಶ ಬಿಳಿ ಎಲೆ ಬಣ್ಣದ ಚಿತ್ರ ಹೇಗೆ ಮಾಡುತ್ತಾರೆ?

ನೆರಳುಬೆಳಕು

ನೀರು ಕಪ್ಪಾಗುವುದು ಅದು ಇನ್‌ಫ್ರಾರೆಡನ್ನು ಹೀರುವುದರಿಂದ. ಮೇಲೆ ಪ್ರತಿಬಿಂಬಿಸುವ ಆಕಾಶವೂ ಕಪ್ಪೇ ಇರುತ್ತದೆ. ಗಾಳಿಯ ಅಣುಗಳು ನೀಲಿಯನ್ನು ಚದುರಿಸುವಷ್ಟು ಉದ್ದ ತರಂಗವನ್ನು ಚದುರಿಸುವುದಿಲ್ಲ. ಇದೇ ಕಾರಣಕ್ಕೆ ಮುಳ್ಳಯ್ಯನಗಿರಿ ಮೇಲಿಂದ ಮಬ್ಬು ಇರುವ ದಿನವೂ ದೂರದ ಬೆಟ್ಟದ ಸಾಲು ಬಿಡಿಸಿ ಕಾಣುತ್ತದೆ. ಮಂಜಿನಲ್ಲಿ ಮಾತ್ರ ಏನೂ ನಡೆಯಲ್ಲ, ಮಂಜಿನ ಹನಿ ಬಹಳ ದೊಡ್ಡದು.

ವೈಟ್ ಬ್ಯಾಲೆನ್ಸ್: ಬಿಸಿಲು ಬಿದ್ದ ಹುಲ್ಲಿನ ಚಿತ್ರ ಚೌಕಟ್ಟು ತುಂಬ ತೆಗೆಯಿರಿ. ಕ್ಯಾಮೆರಾ ನೇರ ಅಳೆಯಲು ಒಪ್ಪದಿದ್ದರೆ ಕಂಪ್ಯೂಟರಿನಲ್ಲೇ ಸರಿಪಡಿಸಿ. ನಿಕಾನ್‌ನ ಎನ್‌ಎಕ್ಸ್ ಸ್ಟುಡಿಯೋ ತಂತ್ರಾಂಶದಲ್ಲಿ ತೆರೆದು, ಗ್ರೇ ಪಾಯಿಂಟ್ ಆರಿಸಿ ಆ ಹುಲ್ಲಿನ ಮೇಲೆ ಒತ್ತಿ. ಲೈಟ್‌ರೂಂ 2000 ಕೆಲ್ವಿನ್‌ಗಿಂತ ಕೆಳಗೆ ಹೋಗಲ್ಲ, ಅದಕ್ಕೇ ನಿಮಗೆ ಕೆಂಪು ಉಳಿದಿದ್ದು. ಅಡೋಬಿಯ ಡಿಎನ್‌ಜಿ ಪ್ರೊಫೈಲ್ ಎಡಿಟರ್ ಅಂತ ಒಂದು ಪುಕ್ಕಟೆ ತಂತ್ರಾಂಶ ಇದೆ. ಚಿತ್ರವನ್ನು ಡಿಎನ್‌ಜಿ (ಅಡೋಬಿಯ ರಾ ಫೈಲು ರೂಪ) ಮಾಡಿ ಅದರಲ್ಲಿ ತೆರೆದು, ಕಲರ್ ಮ್ಯಾಟ್ರಿಸಸ್ ಪುಟದಲ್ಲಿ ಟೆಂಪರೇಚರನ್ನು -100ಕ್ಕೆ ಇಳಿಸಿ, ಪ್ರೊಫೈಲ್ ಎಕ್ಸ್‌ಪೋರ್ಟ್ ಮಾಡಿ. ಲೈಟ್‌ರೂಂನಲ್ಲಿ ಆ ಪ್ರೊಫೈಲ್ ಆರಿಸಿದ ಮೇಲೆ ಸ್ಲೈಡರಿಗೆ ಜಾಗ ಸಿಗುತ್ತದೆ.

ಈಗ ಎಲೆ ಬಿಳಿ, ಆಕಾಶ ಕಂದು ಕಾಣಬೇಕು. ಜಿಂಪ್ ಅನ್ನುವ ಪುಕ್ಕಟೆ ಫೋಟೋ ತಂತ್ರಾಂಶದಲ್ಲಿ ಕಲರ್ಸ್, ಕಾಂಪೊನೆಂಟ್ಸ್, ಚಾನೆಲ್ ಮಿಕ್ಸರ್. ಕೆಂಪು ಔಟ್‌ಪುಟ್‌ನಲ್ಲಿ ಕೆಂಪು 0, ನೀಲಿ 1. ನೀಲಿ ಔಟ್‌ಪುಟ್‌ನಲ್ಲಿ ಕೆಂಪು 1, ನೀಲಿ 0. ಹಸಿರು ಮುಟ್ಟಬೇಡಿ. ಕಂದು ಆಕಾಶ ಒಂದೇ ಸಲಕ್ಕೆ ನೀಲಿಯಾಗುತ್ತದೆ.

ಈ ಬಣ್ಣ ಎಲ್ಲಿಂದ ಬಂತು ಅಂತ ತಿಳಿದರೆ ಯಾವ ಫಿಲ್ಟರ್ ಬೇಕು ಅನ್ನುವುದೂ ತಿಳಿಯುತ್ತದೆ. ಸೆನ್ಸರಿನ ಮೇಲಿನ ಕೆಂಪು, ಹಸಿರು, ನೀಲಿ ಚುಕ್ಕೆಗಳ ಬಣ್ಣ 720ರ ಹತ್ತಿರದ ಬೆಳಕನ್ನು ಒಂದೇ ಥರ ಬಿಡುವುದಿಲ್ಲ, ಕೆಂಪು ಜಾಸ್ತಿ ಬಿಡುತ್ತದೆ. ಆ ವ್ಯತ್ಯಾಸವೇ ನಮಗೆ ಬಣ್ಣವಾಗಿ ಸಿಗುವುದು. 850ರ ಆಚೆ ಮೂರೂ ಸಮ, ಅಲ್ಲಿ ಕಪ್ಪುಬಿಳುಪು ಮಾತ್ರ. 590ರ ಗಾಜು ಹಾಕಿದರೆ ಕಿತ್ತಳೆ, ಕೆಂಪು ಬೆಳಕೂ ಸೇರಿ, ಬಣ್ಣ ಅದಲುಬದಲು ಮಾಡಿದ ಮೇಲೆ ಎಲೆ ಚಿನ್ನದ ಹಳದಿ. ಮೊದಲ ತಿಂಗಳು ಎಲ್ಲರೂ ಅದಕ್ಕೇ ಮರುಳಾಗುತ್ತಾರೆ. ನನಗೆ ಬೇಗ ಸಾಕಾಯಿತು. ಬಣ್ಣ ನೋಡುಗರ ಗಮನ ಪೂರ್ತಿ ತಿಂದುಹಾಕುತ್ತದೆ, ಬೆಳಕು ಎಲ್ಲಿ ಬಿದ್ದಿದೆ ಅಂತ ಯಾರೂ ನೋಡುವುದಿಲ್ಲ. ನಿಮ್ಮ ಕೆರೆಯ ಚಿತ್ರ ಕಪ್ಪುಬಿಳುಪಿನಲ್ಲೇ ಗಟ್ಟಿ.

ಹಾಸನದವ

ನಾನು ಹೋದ ವರ್ಷ ಹೊರಗಡೆ ಕಳಿಸಿ ಒಂದು ಬಾಡಿ ಮಾಡಿಸಿದೆ. ಹಳೇಬೀಡಿನಲ್ಲಿ ತೆಗೆದ ಪ್ರತಿ ಚಿತ್ರದ ನಡುವೆ ಟಾರ್ಚ್ ಬಿಟ್ಟ ಹಾಗೆ ಒಂದು ಬಿಳಿ ವೃತ್ತ. ಮಾಡಿಕೊಟ್ಟವರನ್ನು ಕೇಳಿದರೆ ನಮ್ಮ ಕೆಲಸ ಸರಿ ಇದೆ ಅಂತಾರೆ. ಲೆನ್ಸ್ 50 ಎಂಎಂ. ಏನು ಮಾಡಲಿ?

ರಿಪೇರಿ_ಬೆಂಚು

ಅವರು ಹೇಳಿದ್ದು ನಿಜವೇ ಇರಬಹುದು. ಇದು ಹಾಟ್‌ಸ್ಪಾಟ್. ಲೆನ್ಸಿನ ಕೋಟಿಂಗ್ ಕಾಣುವ ಬೆಳಕಿಗೆ ಮಾಡಿದ್ದು. ಇನ್‌ಫ್ರಾರೆಡ್ ಒಳಗಿನ ಗಾಜುಗಳ ನಡುವೆಯೂ ಸೆನ್ಸರಿಗೂ ಬಡಿದಾಡಿ ನಡುವೆ ಗುಂಪಾಗುತ್ತದೆ. ಡಯಾಫ್ರಾಂ (ಲೆನ್ಸಿನ ರಂಧ್ರ) ಚಿಕ್ಕದಾದಷ್ಟೂ ವೃತ್ತ ಖಡಕ್ ಆಗುತ್ತದೆ. ದುಬಾರಿ ಲೆನ್ಸಿನಲ್ಲೂ ಬರುತ್ತದೆ, ಅಗ್ಗದ ಕಿಟ್ ಲೆನ್ಸು ಚೊಕ್ಕ ಇರಬಹುದು. ಬೆಲೆಗೂ ಇದಕ್ಕೂ ಸಂಬಂಧ ಇಲ್ಲ.

ಬಿಸಿಲು ಬಿದ್ದ ಖಾಲಿ ಗೋಡೆಗೆ ಫೋಕಸ್ ತಪ್ಪಿಸಿ ಹಿಡಿದು, ದೊಡ್ಡ ಅಪರ್ಚರಿನಿಂದ ಎಫ್/16ರವರೆಗೆ ಒಂದೊಂದು ಚಿತ್ರ ತೆಗೆಯಿರಿ. ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಪೂರ್ತಿ ಏರಿಸಿ ನೋಡಿ. ಯಾವ ಸ್ಟಾಪಿನಿಂದ ವೃತ್ತ ಶುರುವಾಗುತ್ತದೋ ಅದರ ಹಿಂದೆ ನಿಲ್ಲಿ. ಎಫ್/4ಕ್ಕೇ ಬಂದರೆ ಆ ಲೆನ್ಸ್ ಇದಕ್ಕೆ ಬೇಡ.

ಹಳೇರೋಲು

ಕೆರೆದಂಡೆ ಅವರೇ, ಸ್ಪರ್ಧೆಗೆ ಕಳಿಸುವ ಯೋಚನೆ ಇದ್ದರೆ ಒಂದು ಮಾತು. ಪಿಎಸ್‌ಎ, ಎಫ್‌ಐಎಪಿ ಅನ್ನುವ ಫೋಟೋಗ್ರಫಿ ಸಂಘಟನೆಗಳ ಸಲೂನುಗಳ (ಸ್ಪರ್ಧೆಗಳ) ನೇಚರ್ ವಿಭಾಗಕ್ಕೆ ಇನ್‌ಫ್ರಾರೆಡ್ ಕಳಿಸುವಂತಿಲ್ಲ, ನಿಯಮದಲ್ಲೇ ಇದೆ. ಕಪ್ಪುಬಿಳುಪು ಮಾಡಿದರೂ ಆಗದು. ಮಾನೋಕ್ರೋಮ್ ಮುಕ್ತ ವಿಭಾಗಕ್ಕೆ ಹಾಕಿ. ಅಂತರಗಂಗೆಯ ಚಿತ್ರ ಅಲ್ಲಿಗೆ ಚೆನ್ನಾಗಿ ಹೋಗುತ್ತದೆ.

ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ಜನವರಿ ಒಳಗೆ ಆನೆಗೊಂದಿ, ಸಾಣಾಪುರದ ಕಡೆ ಹೋಗಿ ಬನ್ನಿ. ಗದ್ದೆ, ಬಾಳೆತೋಟ ಎಲ್ಲ ಬೆಳ್ಳಗೆ, ಬಂಡೆ ಬೂದು, ತುಂಗಭದ್ರೆ ಕಪ್ಪು, ಮೇಲೆ ಉಂಡೆ ಮೋಡ. ಬೇಸಿಗೆಯಲ್ಲಿ ಹೋದರೆ ಬರೀ ಬಂಡೆ, ಇನ್‌ಫ್ರಾರೆಡ್‌ನ ಅವಶ್ಯಕತೆಯೇ ಇಲ್ಲ. ಉಳಿದವರೆಲ್ಲ ಮಧ್ಯಾಹ್ನ ಕ್ಯಾಮೆರಾ ಚೀಲಕ್ಕೆ ಹಾಕಿ ಊಟಕ್ಕೆ ಹೋಗುವ ಹೊತ್ತು ನಿಮ್ಮದು.

ಕೆರೆದಂಡೆ

ಮನಸ್ಸು ಮಾಡಿದೆ. ಡಿ5200 ಮಾಡಿಸುತ್ತೇನೆ, 720. ಟ್ರೈಪಾಡ್ ಇಟ್ಟು ಗಾಳಿ ನಿಲ್ಲಲಿ ಅಂತ ಕಾಯುವುದು ಒಂದು ಕಡೆ. ಅದಕ್ಕಿಂತ, ಕೆರೆಯಲ್ಲಿ ಕೊಕ್ಕರೆ ಹಾರಿದ ಚಿತ್ರ ಒಂದೂ ಸಿಗಲಿಲ್ಲ ಅನ್ನುವುದು ಬೇಜಾರು. ಫುಲ್ ಸ್ಪೆಕ್ಟ್ರಂ (ಒಳಗೆ ಪೂರ್ತಿ ಪಾರದರ್ಶಕ ಗಾಜು) ಮಾಡಿಸಿ ಮುಂದೆ ಬೇಕಾದ ಫಿಲ್ಟರ್ ಹಾಕಿಕೊಳ್ಳಿ ಅಂತಾನೂ ಒಬ್ಬರು ಹೇಳಿದರು. ಆಗ ವ್ಯೂಫೈಂಡರಿನಲ್ಲಿ ಏನೂ ಕಾಣುವುದಿಲ್ಲ ಅಲ್ವಾ?

ರಿಪೇರಿ_ಬೆಂಚು

ಕಾಣುವುದಿಲ್ಲ. ಮುಂದೆ ಕಪ್ಪು ಫಿಲ್ಟರ್ ಇದ್ದರೆ ವ್ಯೂಫೈಂಡರೂ ಕಪ್ಪೇ. ಹಕ್ಕಿ ಬೇಕಾದರೆ ಒಳಗೇ 720 ಕೂರಿಸುವುದು ಸರಿ, ಆಗ ವ್ಯೂಫೈಂಡರ್ ಮಾಮೂಲಿ ಇರುತ್ತದೆ. ಹಾರುವ ಹಕ್ಕಿಗೆ ಲೈವ್ ವ್ಯೂ ನಿಧಾನವಾಗುತ್ತದೆ, ಹಾಗಾಗಿ ಯಾವ ಲೆನ್ಸಿನಲ್ಲಿ ಹಕ್ಕಿ ತೆಗೆಯುತ್ತೀರೋ ಅದನ್ನೂ ಕ್ಯಾಮೆರಾ ಜೊತೆ ಕಳಿಸಿ, ಅದಕ್ಕೇ ಫೋಕಸ್ ಹೊಂದಿಸಲು ಹೇಳಿ. ಕಳಿಸುವ ಮುಂಚೆ ಖಾಲಿ ಗೋಡೆಯ ಪರೀಕ್ಷೆ ಎರಡೂ ಲೆನ್ಸಿಗೆ ಈಗಿರುವ ಆರ್72 ಹಾಕಿಯೇ ಮಾಡಿಬಿಡಿ. ಟ್ರೈಪಾಡ್ ಹೇಗೂ ಇದೆ.

ಅಡಿಕೆತೋಟ_ತೀರ್ಥಹಳ್ಳಿ

ಬಂದ ಮೇಲೆ ಒಂದು ಸಲ ನಮ್ಮ ತೋಟಕ್ಕೂ ತನ್ನಿ ಮಾರಾಯ್ರೆ. ರೋಗ ಗೊತ್ತಾಗದಿದ್ದರೆ ಬೇಡ, ಊಟಕ್ಕಂತೂ ಕೊರತೆ ಇಲ್ಲ. ಮಳೆಗಾಲದಲ್ಲಿ ಮಾತ್ರ ಬೇಡ, ಲೆನ್ಸಿಗೆ ಫಂಗಸ್ ಹಿಡಿದರೆ ನನ್ನನ್ನು ಬೈಯಬೇಡಿ.